ಮಿತವ್ಯಯದ ಕೆಲವು ಹಳೆಯ ಲೆಕ್ಕಗಳು

ಕಳೆದ ವರ್ಷದ ಯುಗಾದಿಯ ದಿವಸ ನಮ್ಮ ಮನೆಯಲ್ಲಿ ಒಂದು ನಿಶ್ಚಯವಾಯಿತು. ಖರ್ಚಾದ ಪ್ರತಿಯೊಂದು ರೂಪಾಯಿಯನ್ನೂ ಪುಸ್ತಕದಲ್ಲಿ ಬರೆದಿಡತಕ್ಕದ್ದು, ಬೇಡದ್ದನ್ನು ಕೊಳ್ಳತಕ್ಕದ್ದಲ್ಲ, ಇದ್ದುದನ್ನು ಸವೆಯುವ ತನಕ ಬಳಸತಕ್ಕದ್ದು, ನೀರು, ವಿದ್ಯುತ್ತು, ಅನ್ನ ಇವುಗಳನ್ನು ಪೋಲು ಮಾಡತಕ್ಕದ್ದಲ್ಲ. ಬೇವು-ಬೆಲ್ಲ ತಿಂದು ಮಾಡಿದ ಇಂಥ ನಿಶ್ಚಯಗಳು ಸಾಮಾನ್ಯವಾಗಿ ರಾಮನವಮಿಯ ಪಾನಕದವರೆಗೂ ಬಾಳುವುದಿಲ್ಲವೆಂಬುದು ಅನುಭವಸ್ಥರಿಗೆ ತಿಳಿದೇ ಇದೆ. ನಮ್ಮದು ಹೇಗೋ ಬಾಳಿತು. ಬಾಳಿಸುವ ಭರದಲ್ಲಿ ನಾವೊಂದು ತಪ್ಪನ್ನೂ ಮಾಡಿದೆವು. ಆ ಮಾತನ್ನು ಕೊನೆಗೆ ಹೇಳುತ್ತೇವೆ. ಮೊದಲು ಇತಿಹಾಸ.

ಖರಾಡಿಯಲ್ಲಿ ವಾಸವಾಗಿರುವ ವಾಚಕರಿಗೆ ಇಂಥ ನಿಶ್ಚಯದ ಕಾರಣವನ್ನು ವಿವರಿಸಬೇಕಾದುದಿಲ್ಲ. ಮುಳಾ-ಮುಠಾ ನದಿಯ ದಂಡೆಯ ಹಳ್ಳಿಯೊಂದು ಒಂದು ತಲೆಮಾರಿನ ಅವಧಿಯಲ್ಲಿ ಗಾಜಿನ ಕಟ್ಟಡಗಳ ಊರಾಗಿದೆ. ನದಿ ಪಕ್ಕದಲ್ಲಿಯೇ ಹರಿಯುತ್ತದೆ. ನಮ್ಮ ಸೊಸೈಟಿಗೆ ಬೇಸಿಗೆಯ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಸಂಬಳ ಒಂದನೆಯ ತಾರೀಖಿಗೆ ಬಂದು ಐದನೆಯ ತಾರೀಖಿಗೆ ಕಂತುಗಳಾಗಿ ಹೋಗುತ್ತದೆ. ಬಾಗಿಲಿಗೆ ಬರುವ ರಟ್ಟಿನ ಪೆಟ್ಟಿಗೆಗಳ ರಾಶಿಯನ್ನು ನೋಡಿದರೆ ನಾವು ಪ್ರತಿವಾರ ಮನೆ ಬದಲಿಸುತ್ತೇವೆಂದು ಯಾರಾದರೂ ತಿಳಿದಾರು.

ನಾವು ಇತಿಹಾಸದ ಪದವೀಧರರಲ್ಲ, ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಆದ್ದರಿಂದ ಹಳೆಯ ಸಂಗತಿಗಳನ್ನು ಓದುವಾಗಲೂ ಮೊದಲು ನಮ್ಮ ಕಣ್ಣಿಗೆ ಬೀಳುವುದು ಅಂಕಿಗಳು. ನಮ್ಮ ಹಿರಿಯರಲ್ಲಿ ಮಿತವ್ಯಯವನ್ನು ನಿಜವಾಗಿ ನಡೆಸಿದವರು ಅದರ ಲೆಕ್ಕವನ್ನು ಹೇಗೆ ಇಟ್ಟರೆಂಬ ಕುತೂಹಲದಿಂದ ಹುಡುಕುತ್ತ ಹೋದಾಗ ಕಂಡ ಕೆಲವು ಲೆಕ್ಕಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲನೆಯದು ನಮ್ಮ ಮನೆಯ ಸಮೀಪದ್ದೇ. ಖರಾಡಿಯಿಂದ ನಗರ ರೋಡಿನಲ್ಲಿ ಪೇಟೆಯ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮೊದಲು ಆಗಾಖಾನ್ ಅರಮನೆ, ಆಮೇಲೆ ಯರವಡಾ ಕಾರಾಗೃಹ ಇವೆ. ಊರಿನಿಂದ ಬಂದ ನೆಂಟರಿಗೆ ನಾವೆಲ್ಲರೂ ಅರಮನೆಯನ್ನು ತೋರಿಸುತ್ತೇವೆ. 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಗಾಂಧೀಜಿ ಅಲ್ಲಿ ಬಂಧನದಲ್ಲಿದ್ದುದು, ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಅಲ್ಲಿಯೇ ತೀರಿಕೊಂಡುದು ಎಲ್ಲರಿಗೂ ತಿಳಿದ ಸಂಗತಿ. ಕಾರಾಗೃಹವನ್ನು ತೋರಿಸುವ ಪ್ರಮೇಯ ಮಾತ್ರ ಬರುವುದಿಲ್ಲ; ಬರದಿರುವುದೇ ಕ್ಷೇಮ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಸ್ಥಳ ಅದೇ.

ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, 1930ನೆಯ ಇಸವಿ ಮೇ 5ರ ನಡುರಾತ್ರಿ ಕಳೆದ ಮೇಲೆ, ದಾಂಡಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗಾಂಧೀಜಿಯವರನ್ನು ಬಂಧಿಸಿ ಯರವಡಾಕ್ಕೆ ತಂದರು. ಆ ಹಳ್ಳಿಯ ಹೆಸರು ಕರಾಡಿ. ನಮ್ಮ ಖರಾಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಓದಿದಾಗ ಒಂದು ಕ್ಷಣ ಬೆರಗಾಯಿತೆಂಬುದನ್ನು ಮರೆಮಾಚಲಾರೆವು. ಕಾರಾಗೃಹವನ್ನು ಗಾಂಧೀಜಿ 'ಯರವಡಾ ಮಂದಿರ' ಎಂದು ಕರೆದರು. ಅಲ್ಲಿಂದ ಸಾಬರಮತಿ ಆಶ್ರಮಕ್ಕೆ ವಾರಕ್ಕೊಂದರಂತೆ ವ್ರತಗಳನ್ನು ಕುರಿತು ಪತ್ರಗಳನ್ನು ಬರೆದರು. ಅವುಗಳಲ್ಲಿ ಒಂದು ಅಪರಿಗ್ರಹವನ್ನು, ಎಂದರೆ ಬೇಕಾದುದಕ್ಕಿಂತ ಹೆಚ್ಚನ್ನು ಕೂಡಿಡದಿರುವುದನ್ನು ಕುರಿತದ್ದು. ಪೆಟ್ಟಿಗೆಯಂತೆ ಮಡಿಚಿ ಕೈಯಲ್ಲಿ ಹಿಡಿದು ಒಯ್ಯಬಹುದಾದ ಚರಕ ರೂಪುಗೊಂಡುದೂ ಈ ಸೆರೆವಾಸಗಳ ಕಾಲದಲ್ಲಿಯೇ. ಅದಕ್ಕೆ 'ಯರವಡಾ ಚರಕ'ವೆಂದೇ ಹೆಸರು ನಿಂತಿತು.

ಆ ವರ್ಷ ಅವರ ಸಂಗಡ ಸೆರೆಯಲ್ಲಿದ್ದವರು ಕಾಕಾಸಾಹೇಬ ಕಾಲೇಲಕರರು. ಇವರು 1885ರಲ್ಲಿ ಸಾತಾರೆಯಲ್ಲಿ ಹುಟ್ಟಿ, ಬಾಲ್ಯದ ಕೆಲಕಾಲವನ್ನು ಕಾರವಾರದ ಕಡಲ ತೀರದಲ್ಲಿ ಕಳೆದವರು. ಬೆಳಗಾವಿ ಸೀಮೆಯೊಡನೆ ನಿಕಟ ಸಂಬಂಧವಿದ್ದವರು. ಮನೆಮಾತು ಮರಾಠಿಯಾದರೂ ಗುಜರಾತಿಯಲ್ಲಿ ಬರೆದು ಕೀರ್ತಿ ಪಡೆದವರು. ಪರಊರಿಗೆ ಬಂದು ನೆಲಸಿದ ನಮ್ಮಂಥವರು ನೆನೆಯಬೇಕಾದ ಹೆಸರು. ಅವರು ಬರೆದ ನೆನಪುಗಳಲ್ಲಿ ಒಂದು ಬೇವಿನ ಕಡ್ಡಿಯ ಪ್ರಸಂಗವಿದೆ. ಹಲ್ಲುಜ್ಜುವುದಕ್ಕೆ ಅವರು ದಿನವೂ ಗಾಂಧೀಜಿಗೆ ಬೇವಿನ ಕಡ್ಡಿಯ ತುದಿಯನ್ನು ಜಜ್ಜಿ ಕುಂಚ ಮಾಡಿ ಕೊಡುತ್ತಿದ್ದರು. ಮೊದಲ ದಿನ ಬಳಸಿಯಾದ ಮೇಲೆ, ಜಜ್ಜಿದ ತುದಿಯನ್ನಷ್ಟೆ ಕತ್ತರಿಸಿ ಉಳಿದುದನ್ನು ನಾಳೆಗೆ ಇಡಬೇಕೆಂದು ಗಾಂಧೀಜಿ ಹೇಳಿದರು. ಇಲ್ಲಿ ಬೇವಿನ ಮರಗಳಿಗೇನು ಕೊರತೆ, ದಿನಕ್ಕೊಂದು ಹೊಸ ಕಡ್ಡಿ ಸಿಕ್ಕುತ್ತದೆಯಲ್ಲ ಎಂದರು ಕಾಕಾಸಾಹೇಬರು. ಸಿಕ್ಕುತ್ತದೆಂಬುದು ತಮಗೂ ಗೊತ್ತು, ಆದರೆ ಹಾಗೆ ಮಾಡುವ ಅಧಿಕಾರ ನಮಗಿಲ್ಲವೆಂಬ ಅರ್ಥದ ಉತ್ತರ ಬಂದಿತು. ಕಡ್ಡಿ ಕೈಯಲ್ಲಿ ಹಿಡಿಯಲಾರದಷ್ಟು ಗಿಡ್ಡವಾಗುವ ತನಕ ಅದನ್ನು ಎಸೆಯುವಂತಿರಲಿಲ್ಲ.

ಇದನ್ನು ಓದಿದ ಮೇಲೆ ನಾವು ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಸಲಾರಂಭಿಸಿದೆವು. ಆರೇಳು ದಿನಗಳ ಬಾಳಿಕೆ ಅದರಲ್ಲಿರುತ್ತದೆ. ಮಕ್ಕಳು ನಕ್ಕರು. ನಗಲಿ. ನಾವು ಗಮನಿಸಿದ ಅಂಶ ಬೇರೆ. ಬೇವಿಗೆ ಬೆಲೆ ಇರಲಿಲ್ಲ, ಕೊರತೆಯೂ ಇರಲಿಲ್ಲ. ಇಲ್ಲದಾಗ ಕಡಿಮೆ ಬಳಸುವುದನ್ನು ಬಡತನ ಎಲ್ಲರಿಗೂ ಕಲಿಸುತ್ತದೆ. ಧಾರಾಳವಾಗಿ ಸಿಕ್ಕುವಾಗ ಕಡಿಮೆ ಬಳಸುವುದನ್ನು ನಾವೇ ಕಲಿಯಬೇಕು. ಖರಾಡಿಯ ಸೊಸೈಟಿಗಳಲ್ಲಿ ನಲ್ಲಿ ತಿರುಗಿಸಿದೊಡನೆ ನೀರು ಬರುತ್ತಿರುವಷ್ಟು ದಿನ ಟ್ಯಾಂಕರನ್ನು ಯಾರೂ ನೆನೆಯುವುದಿಲ್ಲವೆಂಬುದೇ ಇದಕ್ಕೆ ಸಾಕ್ಷಿ.

ಆದರೂ ಒಂದು ಮಾತನ್ನು ಬಿಡುವಂತಿಲ್ಲ. ಗಾಂಧೀಜಿಯನ್ನು ಬಡತನದಲ್ಲಿ ಇರಿಸಲು ಬಹಳ ಹಣ ಖರ್ಚಾಗುತ್ತದೆಂದು ಸರೋಜಿನಿ ನಾಯಡು ಅವರು ಹಾಸ್ಯ ಮಾಡಿದರೆಂಬುದು ಪ್ರಸಿದ್ಧವಾಗಿದೆ. ಅಂಥ ಹಾಸ್ಯವನ್ನು ಮಾಡುವ ಸಲಿಗೆ ಅವರಿಗಿತ್ತು. ನಗೆಯನ್ನು ಪಕ್ಕಕ್ಕಿಟ್ಟು ನೋಡಿದರೂ ಅದರಲ್ಲಿ ಲೆಕ್ಕಪತ್ರದವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಒಬ್ಬರ ಸರಳ ಜೀವನದ ಖರ್ಚು ಯಾರ ಹೆಸರಿಗೆ ಬೀಳುತ್ತದೆ?

ಈ ಪ್ರಶ್ನೆಯನ್ನು ಹಿಡಿದು ನೋಡಿದರೆ ಯರವಡಾಕ್ಕಿಂತ ಆರು ವರ್ಷ ಹಿಂದಿನ ಬೆಳಗಾವಿಯ ಲೆಕ್ಕ ಮನಸ್ಸಿಗೆ ಹಿತವಾಗುತ್ತದೆ. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಜರುಗಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವಿದು. ವ್ಯವಸ್ಥೆಯ ಭಾರವನ್ನು ಹೊತ್ತವರು ಗಂಗಾಧರರಾವ್ ದೇಶಪಾಂಡೆಯವರು. ಸ್ವಯಂಸೇವಕರ ದಳವನ್ನು ನಡೆಸಿದವರು ಡಾ. ನಾ. ಸು. ಹರ್ಡೀಕರರು. ನೀರಿಗಾಗಿ 4,370 ರೂಪಾಯಿ 3 ಆಣೆ ವೆಚ್ಚದಲ್ಲಿ ಒಂದು ಬಾವಿಯನ್ನು ತೋಡಿಸಿದರು. ಪ್ರತಿನಿಧಿ ಶುಲ್ಕ 10 ರೂಪಾಯಿ ಇದ್ದುದನ್ನು 1 ರೂಪಾಯಿಗೆ ಇಳಿಸಲಾಯಿತು. ಇಷ್ಟಾಗಿಯೂ ಅಧಿವೇಶನ ಮುಗಿದಾಗ 773 ರೂಪಾಯಿ ಉಳಿಯಿತಂತೆ. 745 ರೂಪಾಯಿಗಳನ್ನು ಊರಿನ ಸಹಕಾರಿ ಬ್ಯಾಂಕಿನಲ್ಲಿಟ್ಟು, 25 ರೂಪಾಯಿಗಳನ್ನು ಕಾರ್ಯದರ್ಶಿಗಳ ಖರ್ಚಿಗೆಂದು ಉಳಿಸಿ, 1 ರೂಪಾಯಿಯನ್ನು ಚಿಲ್ಲರೆ ವೆಚ್ಚಕ್ಕೆಂದು ಕೊಟ್ಟರೆಂದು ಎಲ್ಲೆಡೆ ಬರೆಯುತ್ತಾರೆ. ನಾವು ಮೂರು ಸಲ ಕೂಡಿದೆವು. 771 ಬರುತ್ತದೆ! ಎರಡು ರೂಪಾಯಿ ಎಲ್ಲಿ ಹೋಯಿತೆಂದು ಒಂದು ರಾತ್ರಿ ನಿದ್ರೆ ಬರಲಿಲ್ಲವೆಂದರೆ ವಾಚಕರು ನಗಬಹುದು, ಬ್ಯಾಂಕಿನವರು ನಗಲಾರರು. ಮುಂದೆ ಬರೆದವರ ಕೈಯಲ್ಲಿ ಅಂಕಿ ಜಾರಿರಬೇಕೆಂದು ನಾವು ಸಮಾಧಾನ ತಂದುಕೊಂಡಿದ್ದೇವೆ.

ಅಲ್ಲಿ ಉಳಿತಾಯವಾದುದು ಬಂದವರನ್ನು ಸುಲಿದಲ್ಲ. ಶುಲ್ಕವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ ಬಡವನೂ ಪ್ರತಿನಿಧಿಯಾಗುವಂತೆ ಮಾಡಿ, ಆ ಬಳಿಕ ಆಡಂಬರದ ಖರ್ಚನ್ನು ಕಡಿದರು. ತೋಡಿಸಿದ ಬಾವಿ ಊರಿಗೇ ಉಳಿಯಿತು. ಇಂದಿಗೂ ತಿಳಕವಾಡಿಯಲ್ಲಿ ಅದನ್ನು ಕಾಂಗ್ರೆಸ್ ಬಾವಿಯೆಂದೇ ಕರೆಯುತ್ತಾರೆ. ಮದುವೆ ಮನೆಯ ಚಪ್ಪರಕ್ಕೂ, ನಮ್ಮ ಸಂಘಗಳ ವೇದಿಕೆಯ ಅಲಂಕಾರಕ್ಕೂ ಈ ಲೆಕ್ಕವನ್ನು ಹೋಲಿಸಿ ನೋಡಬಹುದು. ಅದಿರಲಿ, ಸಂಚಿಕೆಯ ಸಂಪಾದಕರು ಮುನಿದಾರು.

ಇನ್ನು ನಮ್ಮ ವೃತ್ತಿಗೇ ಸೇರಿದ ಮಾತಿಗೆ ಬರೋಣ. ಬ್ಯಾಂಕುಗಳ ಇತಿಹಾಸದಲ್ಲಿ ಕನ್ನಡ ನಾಡಿಗೆ, ಅದರಲ್ಲಿಯೂ ದಕ್ಷಿಣ ಕನ್ನಡಕ್ಕೆ ಇರುವ ಸ್ಥಾನ ದೊಡ್ಡದು. ಇದರ ಮೂಲವನ್ನು ಹುಡುಕಿದರೆ ಮಿತವ್ಯಯವೆಂಬ ಶಬ್ದವೇ ಸಿಕ್ಕುತ್ತದೆ. ಬಯಲು ಸೀಮೆಯಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. ಮರುವರ್ಷ, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಜಾತಿಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿಯೂ ಮಿತವ್ಯಯದ ಅಭ್ಯಾಸವನ್ನು ಬೆಳೆಸುವುದೇ ಅದರ ಸ್ಥಾಪಕರು ಸಾರಿದ ಉದ್ದೇಶ. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ಗುಮಾಸ್ತನಿಗೆ ನಮ್ಮ ನಮಸ್ಕಾರ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಜನರಲ್ಲಿ ಮಿತವ್ಯಯ ಮತ್ತು ಉಳಿತಾಯದ ಅಭ್ಯಾಸವನ್ನು ಬಿತ್ತುವುದು ಅದರ ಧ್ಯೇಯಗಳಲ್ಲಿಯೂ ಒಂದಾಗಿತ್ತು. ಇಂದಿನ ಕೆನರಾ ಬ್ಯಾಂಕ್ ಅದೇ.

ಬೆಳಗಾವಿಯ ಅಧಿವೇಶನ ಮುಗಿದು ಒಂದು ವರ್ಷ ತುಂಬುವ ಮೊದಲೇ, 1925ರ ನವೆಂಬರ್ 10ರಂದು, ಉಡುಪಿಯಲ್ಲಿ ಇನ್ನೊಂದು ಸಂಸ್ಥೆ ಬಾಗಿಲು ತೆರೆಯಿತು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಅದರ ಹೆಸರು. ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ, ವೈದ್ಯರಾದ ಡಾ. ತೋನ್ಸೆ ಮಾಧವ ಅನಂತ ಪೈ, ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಿಂದ ಇದನ್ನು ಆರಂಭಿಸಿದರು. ಆ ಕಾಲದಲ್ಲಿ ಕೈಮಗ್ಗದ ಕಸುಬು ಕುಸಿದು ನೇಕಾರರು ದಿಕ್ಕುಗೆಟ್ಟಿದ್ದರು. ಅವರಿಗೆ ಹಣದ ನೆರವು ಒದಗಿಸುವುದು ಮೊದಲ ಗುರಿ. ನೆರವು ಕೊಡಬೇಕಾದರೆ ಹಣ ಬೇಕು. ಹಣ ಬರಬೇಕಾದರೆ ಠೇವಣಿ ಬೇಕು. ಠೇವಣಿ ಇಡುವವರು ಯಾರು? ಜಮೀನುದಾರರೂ ವಕೀಲರೂ ಎಷ್ಟು ಮಂದಿ ಇದ್ದಾರು?

ಆಗ, 1928ರಲ್ಲಿ, ಹುಟ್ಟಿದ್ದು ಪಿಗ್ಮಿ ಠೇವಣಿಯ ಯೋಜನೆ. ಕುಳ್ಳ ಎಂಬರ್ಥದಲ್ಲಿ ಇಟ್ಟ ಇಂಗ್ಲಿಷ್ ಹೆಸರು. ಇಂದು ಯಾರೂ ಅಂಥ ಹೆಸರನ್ನು ಇಡಲಾರರು. ಆದರೆ ಶಬ್ದ ಮಾತ್ರ ಕನ್ನಡದ್ದೇ ಆಗಿಹೋಯಿತು. 'ಪಿಗ್ಮಿ ಕಟ್ಟುವುದು' ಎಂದರೆ ನಮ್ಮಲ್ಲಿ ಅರ್ಥವಾಗದವರಿಲ್ಲ. ಯೋಜನೆ ಇಷ್ಟೆ: ದಿನಕ್ಕೆ ಎರಡಾಣೆಯಿಂದ ಆರಂಭಿಸಿ ಯಾರು ಬೇಕಾದರೂ ಹಣ ಕಟ್ಟಬಹುದು, ಬ್ಯಾಂಕಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಬ್ಯಾಂಕಿನ ಪ್ರತಿನಿಧಿಯೇ ಮನೆಗೆ, ಅಂಗಡಿಗೆ ಬಂದು ಒಯ್ಯುತ್ತಾನೆ. ದಿನಕ್ಕೆ ಎರಡಾಣೆಯಾದರೆ ವರ್ಷಕ್ಕೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ. ಎಂಟು ಸಾವಿರ ಬಂಡವಾಳದ ಬ್ಯಾಂಕಿಗೆ ಇಂಥ ನೂರೆಪ್ಪತ್ತೈದು ಜನರು ಒಂದು ವರ್ಷ ಕಟ್ಟಿದರೆ ಬಂಡವಾಳದಷ್ಟೇ ಹಣ ಕೂಡುತ್ತದೆ. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಹನಿಯಿರುವಲ್ಲಿಗೆ ಹಳ್ಳವೇ ನಡೆದುಕೊಂಡು ಹೋಗಬೇಕೆಂಬುದು ಉಡುಪಿಯವರಿಗೆ ಹೊಳೆಯಿತು.

ಬಡವರಿಗೆ ಉಳಿಸುವ ಬುದ್ಧಿಯಿಲ್ಲವೆಂಬುದು ಉಳ್ಳವರ ಹಳೆಯ ಮಾತು. ಸಂಜೆ ಮೀನು ಮಾರಿ, ಹೂ ಮಾರಿ, ಬೀಡಿ ಕಟ್ಟಿ ಕೈಗೆ ಬಂದ ಎರಡಾಣೆ ರಾತ್ರಿಯಾಗುವ ಮುನ್ನ ಕರಗುವುದು ಬುದ್ಧಿಯ ದೋಷದಿಂದಲ್ಲ. ಅದನ್ನು ಇಡಲು ಜಾಗವಿಲ್ಲದ್ದರಿಂದ. ಜಾಗ ಬಾಗಿಲಿಗೆ ಬಂದಾಗ ಅವರು ಉಳಿಸಿದರು. ಸಂಸ್ಥೆ ಬೆಳೆಯಿತು, 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದು, 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಜಿ ಅಬ್ದುಲ್ಲಾ ಸಾಹೇಬರ ಸಂಸ್ಥೆಯೂ, ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರಿನಲ್ಲಿ ಬಾಳಿ, ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಒಂದೇ ದಿನ ಉಡುಪಿಯ ಎರಡು ಹೆಸರುಗಳು ಫಲಕದಿಂದ ಇಳಿದವು.

ನಮ್ಮ ತಂದೆಯವರಿಗೆ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿಯಿತ್ತು. ನಾವು ಶಾಲೆಗೆ ಹೋಗುತ್ತಿದ್ದ ಕಾಲ. ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಸೈಕಲ್ಲಿನ ಮೇಲೆ ಬರುವರು. ವ್ಯಾಪಾರವಾಗಲಿ ಬಿಡಲಿ, ತಂದೆಯವರು ಗಲ್ಲೆಯಿಂದ ಹತ್ತು ರೂಪಾಯಿ ತೆಗೆದು ಕೊಡುವರು. ಒಮ್ಮೊಮ್ಮೆ ಪಕ್ಕದ ಅಂಗಡಿಯಿಂದ ಕೈಗಡ ತಂದು ಕೊಟ್ಟುದನ್ನೂ ನೋಡಿದ್ದೇವೆ. ಸಾಲ ಮಾಡಿ ಉಳಿತಾಯ ಮಾಡುವ ಈ ವಿಚಿತ್ರ ಶಾಸ್ತ್ರ ಯಾವ ಬಿ.ಕಾಂ. ಪುಸ್ತಕದಲ್ಲಿಯೂ ಇಲ್ಲ. ಅಂಗಡಿ ಮುಚ್ಚಿದ್ದ ದಿನ ಆ ಪುಣ್ಯಾತ್ಮರು ತಮ್ಮ ಕಿಸೆಯಿಂದಲೇ ಹತ್ತು ರೂಪಾಯಿ ಕಟ್ಟಿ ಮರುದಿನ ಕೇಳಿ ಪಡೆಯುವರು. "ಅಣ್ಣಾರ, ಒಂದು ದಿನ ತಪ್ಪಿದ್ರ ರೂಢಿ ತಪ್ಪತೈತ್ರಿ" ಎನ್ನುವರು. ನಮ್ಮ ಕಾಲೇಜಿನ ಫೀ ಹೋದುದು ಆ ಹಣದಿಂದಲೇ.

ಉಳಿಸಿದವರು ತಂದೆ, ಆದರೆ ಆ ಉಳಿತಾಯವನ್ನು ಮಳೆಯಲ್ಲಿ, ಬಿಸಿಲಿನಲ್ಲಿ ಹೊತ್ತು ನಡೆದವರು ಬೇರೆ. ಅವರಿಗೆ ಸಂಬಳವಿರಲಿಲ್ಲ, ಕಮಿಶನ್ ಇತ್ತು. ಅವರು ನೌಕರರೇ ಅಲ್ಲವೆಂಬುದು ಬ್ಯಾಂಕುಗಳ ವಾದವಾಗಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರ ಫೆಬ್ರವರಿಯಲ್ಲಿ ಠೇವಣಿ ಸಂಗ್ರಹಕಾರರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂಬ ತೀರ್ಪು ಬಂದಿತು. ಕಾಯಂ ಗುಮಾಸ್ತರ ಸಂಬಳ ಅವರಿಗೆ ದೊರೆಯಲಿಲ್ಲ. ಕನಿಷ್ಠ ಆದಾಯ, ಗ್ರಾಚ್ಯುಯಿಟಿ ಮುಂತಾದ ಕೆಲವು ಹಕ್ಕುಗಳು ನಿಂತವು. 1928ರಿಂದ 2001. ಎಪ್ಪತ್ತಮೂರು ವರ್ಷ. ದೇಶಕ್ಕೆ ಮಿತವ್ಯಯವನ್ನು ಕಲಿಸಿದ ಯೋಜನೆ ತನ್ನನ್ನು ಹೊತ್ತವರ ಲೆಕ್ಕವನ್ನು ಬರೆಯುವುದಕ್ಕೆ ಇಷ್ಟು ಕಾಲ ತೆಗೆದುಕೊಂಡಿತು.

ಪುಣೆಯಲ್ಲಿಯೂ ಇಂಥದೇ ಒಂದು ಕಥೆಯಿದೆ. ಒಣ ಕಸ, ಹಸಿ ಕಸವೆಂದು ಬೇರ್ಪಡಿಸಿ ಇಟ್ಟು ಪ್ರಕೃತಿಗೆ ಉಪಕಾರ ಮಾಡಿದೆವೆಂದು ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಅದನ್ನು ಕೈಯಿಂದ ಆರಿಸುವ ಹೆಂಗಸರು 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಎಂಬ ಸಂಘಟನೆಯಲ್ಲಿ ಒಂದಾದರು. ಮುಂದೆ ಅವರದೇ ಸಹಕಾರಿ ಸಂಸ್ಥೆಯಾದ 'ಸ್ವಚ್ಛ್' 2008ರಲ್ಲಿ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಮನೆಮನೆಯಿಂದ ತಿಂಗಳಿಗೆ ಇಷ್ಟೆಂದು ಹಣ ಪಡೆಯುವುದು ಅವರ ಹಕ್ಕಾಯಿತು. ಆ ಹಣವನ್ನು ಕೊಡುವಾಗ ಚೌಕಾಶಿ ಮಾಡುವವರನ್ನು ನಾವು ಕಂಡಿದ್ದೇವೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮಗಿಲ್ಲ. ಯಾಕೆಂದರೆ, ಈಗ ನಮ್ಮ ತಪ್ಪಿನ ಮಾತು.

ಮೂರನೆಯ ತಿಂಗಳು ಖರ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆವು. ಬಕೇಟಿನ ಸ್ನಾನ, ನೀರಿನ ಫಿಲ್ಟರಿನಿಂದ ಹೊರಬೀಳುವ ನೀರಿನಲ್ಲಿ ನೆಲ ಒರೆಸುವುದು, ಹಳೆಯ ಮಿಕ್ಸರಿನ ರಿಪೇರಿ, ಹೊರಗಿನ ಊಟಕ್ಕೆ ವಿದಾಯ, ಎಲ್ಲವನ್ನೂ ಮಾಡಿಯಾಗಿತ್ತು. ಕಡಿಯಬಹುದಾದ ದೊಡ್ಡ ಬಾಬತ್ತೆಂದು ಉಳಿದುದು ಒಂದೇ: ಪಾತ್ರೆ ತಿಕ್ಕಿ ಕಸ ಗುಡಿಸುವ ಹೆಣ್ಣುಮಗಳ ಪಗಾರ, ತಿಂಗಳಿಗೆ 2,500 ರೂಪಾಯಿ. ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳುವುದು ಸ್ವಾವಲಂಬನೆಯಲ್ಲವೆ, ಆಶ್ರಮದಲ್ಲಿ ಎಲ್ಲರೂ ಪಾತ್ರೆ ತೊಳೆಯುತ್ತಿರಲಿಲ್ಲವೆ ಎಂದು ದೊಡ್ಡವರ ಹೆಸರನ್ನು ಅಡ್ಡ ತಂದು, ಮುಂದಿನ ತಿಂಗಳಿನಿಂದ ಬರಬೇಡವೆಂದು ಆಕೆಗೆ ಹೇಳಿದೆವು. ಆಕೆ ಯಾದಗಿರಿ ಕಡೆಯವಳು. ಗಂಡ ಇಲ್ಲಿಯ ಕಟ್ಟಡಗಳ ಕೆಲಸಕ್ಕೆ ಬಂದವನು. ನಮ್ಮ ಮನೆಯಲ್ಲಿ ಮಕ್ಕಳ ಬಾಯಲ್ಲಿ ಹಿಂದಿ-ಇಂಗ್ಲಿಷು ಹೆಚ್ಚಾಗಿ, ಅಡಿಗೆಮನೆಯಲ್ಲಿ ಕನ್ನಡ ಕೇಳಿಬರುತ್ತಿದ್ದುದು ಆಕೆಯಿಂದಲೇ ಎಂದರೂ ಸಲ್ಲುತ್ತದೆ. ಪುಸ್ತಕದಲ್ಲಿ ಆ ತಿಂಗಳು 2,500 ರೂಪಾಯಿ ಉಳಿತಾಯವೆಂದು ಕೆಂಪು ಮಸಿಯಲ್ಲಿ ಬರೆದೆವು.

ಎರಡು ತಿಂಗಳ ಮೇಲೆ ಕಾಯಿಪಲ್ಯದ ಗಾಡಿಯ ಹತ್ತಿರ ಆಕೆ ಸಿಕ್ಕಳು. ಕುಶಲ ಕೇಳಿದೆವು. ತಮ್ಮ ವಸತಿಯ ಹತ್ತು ಹೆಂಗಸರು ಸೇರಿ ತಿಂಗಳಿಗೆ ಐದು ನೂರರ ಭಿಶಿ ಹಾಕಿದ್ದರಂತೆ. ಪಗಾರ ನಿಂತ ಮೇಲೆ ಕಟ್ಟಲಾಗದೆ ಆಕೆ ಅದರಿಂದ ಹೊರಗೆ ಬಂದಿದ್ದಳು. ಮಗಳ ಶಾಲೆಗೆಂದು ಹಾಕಿದ್ದು. ನಮ್ಮ ಮನೆಯವರು, ಈಗ ಖರ್ಚು ಕಡಿಮೆ ಮಾಡುತ್ತಿದ್ದೇವೆ ತಾಯಿ, ಉಳಿತಾಯ ಮಾಡುತ್ತಿದ್ದೇವೆ ಎಂದೇನೋ ಸಮಜಾಯಿಷಿ ಹೇಳಿದರು. ಆಕೆಗೆ ಸಿಟ್ಟು ಬರಲಿಲ್ಲ. "ಉಳಿತಾಯ ಮಾಡೂದು ಚಲೋನೇ ಬಿಡ್ರಿ ಅಕ್ಕಾ. ಆದ್ರ ಉಳಿದದ್ದು ನನ್ನ ಪಗಾರ ಅಲ್ಲೇನ್ರಿ?" ಎಂದಳು. ಸೊಪ್ಪಿನ ಕಟ್ಟನ್ನು ಹಿಡಿದುಕೊಂಡು ನಾವು ಸುಮ್ಮನೆ ನಿಂತೆವು.

ಪ್ರತಿಯೊಂದು ಜಮಕ್ಕೂ ಎಲ್ಲಿಯೋ ಒಂದು ಖರ್ಚು ಇರುತ್ತದೆಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಕೆಂಪು ಮಸಿಯ ಆ 2,500ರ ಇನ್ನೊಂದು ಪಕ್ಕ ಆಕೆಯ ಭಿಶಿಯಲ್ಲಿತ್ತು. ಎರಡಾಣೆಯನ್ನು ಕಾಪಾಡಲು ಉಡುಪಿಯವರು ಬಾಗಿಲಿಗೆ ಹೋದರು. ನಾವು ಬಾಗಿಲಿಗೆ ಬಂದವಳ ಎರಡಾಣೆಯನ್ನು ನಮ್ಮ ಖಾತೆಗೆ ಬರೆದುಕೊಂಡಿದ್ದೆವು.

ಮರುವಾರದಿಂದ ಆಕೆ ಮತ್ತೆ ಬರುತ್ತಿದ್ದಾಳೆ. ಪಗಾರ 2,800 ಆಗಿದೆ. ಭಿಶಿಗೆ ನಡುವೆ ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಹೊಸದು ಆರಂಭವಾಗುವ ತನಕ ಕಾಯಬೇಕಾಯಿತು. ದೀಪಾವಳಿಯ ಮೇಲೆ ಸೇರಿದಳು. ಬ್ಯಾಂಕಿನಲ್ಲಿ ಖಾತೆ ತೆರೆಸುತ್ತೇವೆಂದರೆ, ಖಾತೆ ಆಗಲೇ ಇದೆಯೆಂದೂ ಅದಕ್ಕಿಂತ ತಮ್ಮ ಹೆಂಗಸರ ಮೇಲೆ ತನಗೆ ಭರವಸೆ ಹೆಚ್ಚೆಂದೂ ನಮ್ಮ ಮುಖಕ್ಕೇ ಹೇಳಿದಳು. ಬಕೇಟಿನ ಸ್ನಾನ ನಡೆದಿದೆ, ಟೂತ್‌ಪೇಸ್ಟಿನ ಟ್ಯೂಬಿಗೆ ಕತ್ತರಿ ಬೀಳುತ್ತಿದೆ. ಈ ಸಲದ ರಾಜ್ಯೋತ್ಸವಕ್ಕೆ ಬಾ ಎಂದು ಆಕೆಯನ್ನು ಕರೆದಿದ್ದೇವೆ. ಎಷ್ಟು ಹೊತ್ತಿಗೆ, ಊಟ ಉಂಟೋ ಇಲ್ಲವೋ, ಮಗಳನ್ನು ಕರೆತರಬಹುದೋ ಎಂದು ಕೇಳಿದಳು. ಆ ದಿನ ಇನ್ನೂ ಮೂರು ಮನೆಗಳ ಕೆಲಸವಿದೆಯಂತೆ. ಮುಗಿಸಿಕೊಂಡು ಬರುತ್ತೇನೆಂದಿದ್ದಾಳೆ.